‘ಬಿಡದೆ’ ಎಂಬ ಮಾತಿನೊಳಗಿನ ‘ಬಿಡು’

ಇಂಗ್ಲಿಷಿನಲ್ಲಿ ‘ರೆಸಲ್ಯೂಟ್‌ಲಿ’ ಎಂಬ ಒಂದು ಕ್ರಿಯಾವಿಶೇಷಣವಿದೆ. ನಿಘಂಟು ತೆರೆದರೆ ದೃಢವಾಗಿ, ಸ್ಥಿರವಾಗಿ, ಗಟ್ಟಿ ಮನಸ್ಸಿನಿಂದ ಎಂಬ ಅರ್ಥಗಳು ಸಿಗುತ್ತವೆ. ಪರೀಕ್ಷೆ ಬರೆಯುವವರಿಗೆ ಇಷ್ಟು ಸಾಕು. ಆದರೆ ಪದದ ಬೇರು ಹಿಡಿದು ಹೋದರೆ ಒಂದು ವಿಚಿತ್ರ ಎದುರಾಗುತ್ತದೆ. ಈ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ರೆಸೊಲ್ವೆರೆ’ ಎಂಬ ಕ್ರಿಯಾಪದದಿಂದ. ಅದರ ಅರ್ಥ ಸಡಿಲಿಸು, ಗಂಟು ಬಿಚ್ಚು, ಕರಗಿಸು. ಸಡಿಲಿಸು ಎಂಬ ಮಾತಿನಿಂದ ಬಿಗಿ ಎಂಬ ಅರ್ಥ ಹುಟ್ಟಿದ್ದು ಹೇಗೆ?

ಭಾಷೆಯ ಚರಿತ್ರೆ ಬಲ್ಲವರು ಕೊಡುವ ವಿವರಣೆ ಸರಳವಾಗಿದೆ. ಗಂಟಾಗಿರುವ ಒಂದು ವಿಷಯವನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಹೋದಾಗ ಅನುಮಾನಗಳೆಲ್ಲ ಕರಗುತ್ತವೆ. ಕೊನೆಗೆ ಉಳಿಯುವುದು ತೀರ್ಮಾನ. ಹಾಗೆ ಉಳಿದ ತೀರ್ಮಾನದಂತೆ ನಡೆದುಕೊಳ್ಳುವ ರೀತಿಯೇ ‘ರೆಸಲ್ಯೂಟ್‌ಲಿ’. ಮೊದಲು ಬಿಡಿಸಬೇಕು, ಆಮೇಲೆ ಹಿಡಿಯಬೇಕು. ಬಿಡಿಸದೆಯೇ ಹಿಡಿದವರಿಗೆ ಬೇರೆ ಪದ ಹುಡುಕಬೇಕಾಗುತ್ತದೆ.

ನನಗೆ ಇದರಲ್ಲಿ ಕಂಡ ಸೋಜಿಗವೆಂದರೆ ಕನ್ನಡವೂ ಇದೇ ದಾರಿಯಲ್ಲಿ ನಡೆದಿರುವುದು. ನಾವು ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ. ಇನ್ನೊಂದು ಕಡೆ, ಮನಸ್ಸು ಗಟ್ಟಿ ಮಾಡಿ ಕೆಲಸಕ್ಕೆ ನಿಂತವನನ್ನು ‘ಬಿಡದೆ ಮಾಡಿದ’, ‘ಪಟ್ಟು ಬಿಡದೆ ಸಾಧಿಸಿದ’ ಎನ್ನುತ್ತೇವೆ. ಬಿಡಿಸುವುದಕ್ಕೂ ಬಿಡದಿರುವುದಕ್ಕೂ ತಾಯಿ ಒಂದೇ: ಬಿಡು. ಕಾವೇರಿ ನಾಲೆಯ ನೀರು ಕುಡಿದು ಬೆಳೆದ ಮದ್ದೂರು, ಮಂಡ್ಯ, ಮಳವಳ್ಳಿ ಸೀಮೆಯವರಿಗೆ ಈ ‘ಬಿಡು’ ಎಷ್ಟು ತೂಕದ ಮಾತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ನೀರನ್ನೂ ಬಿಡುತ್ತಾರೆ, ಪಟ್ಟನ್ನೂ ಬಿಡುತ್ತಾರೆ. ಎರಡನ್ನೂ ‘ಬಿಡಾಕಿಲ್ಲ’ ಎಂದು ರಸ್ತೆಯಲ್ಲಿ ಕೂರುತ್ತಾರೆ.

ಕನ್ನಡದಲ್ಲಿ ಗಟ್ಟಿತನವನ್ನು ಹೇಳುವ ಮಾತುಗಳಲ್ಲಿ ಎಷ್ಟೊಂದು ನಿಷೇಧ ರೂಪಗಳಿವೆ ನೋಡಿ. ಬಿಡದೆ, ಬಗ್ಗದೆ, ಜಗ್ಗದೆ, ಅಳುಕದೆ, ಅಂಜದೆ, ಹಿಂಜರಿಯದೆ. ಜಗ್ಗದೆ ಎಂದರೆ ಯಾರೋ ಜಗ್ಗಿದ್ದಾರೆ ಎಂದಾಯಿತು. ಅಂಜದೆ ಎಂದರೆ ಅಂಜುವಂಥದ್ದು ಎದುರಿಗಿದೆ ಎಂದಾಯಿತು. ಎಳೆಯುವ ಕೈಯಿಲ್ಲದ ಕಡೆ ಈ ಮಾತುಗಳಿಗೆ ಕೆಲಸವಿಲ್ಲ. ಯಾರೂ ಅಡ್ಡ ಬಾರದ ದಾರಿಯಲ್ಲಿ ನಡೆದವನನ್ನು ‘ಅಳುಕದೆ ನಡೆದ’ ಎಂದರೆ ನಗು ಬರುತ್ತದೆ. ‘ದೃಢವಾಗಿ’ ಎಂಬಲ್ಲಿನ ‘ಆಗಿ’ ಕೂಡ ‘ಆಗು’ ಎಂಬ ಕ್ರಿಯಾಪದದ ಒಂದು ರೂಪ. ‘ದೃಢವಾಗಿ ನಿಂತ’ ಎಂದರೆ ದೃಢ ಆಗಿ, ಆಮೇಲೆ ನಿಂತ. ದೃಢತೆ ಹುಟ್ಟಿನಿಂದ ಬಂದ ಸ್ವಭಾವ ಎಂದು ನಮ್ಮ ವ್ಯಾಕರಣ ಒಪ್ಪುವುದಿಲ್ಲ. ಅದು ಪ್ರತಿ ಸಲವೂ ಆಗಬೇಕಾದದ್ದು.

ಹೀಗಿದ್ದರೂ ಮಾತಾಡುವಾಗ ನಾವು ಈ ಗುಣವನ್ನು ಕ್ರಿಯೆಯಿಂದ ಕಿತ್ತು ಮನುಷ್ಯನಿಗೆ ಅಂಟಿಸಿಬಿಡುತ್ತೇವೆ. ಇಂಗ್ಲಿಷಿನ ‘ಅಡಮಂಟ್’ ಈಗ ನಮ್ಮ ಹಳ್ಳಿಗಳ ಮಾತಿನಲ್ಲೂ ಇದೆ. ‘ಅವ್ನು ಭಾರಿ ಅಡಮಂಟು, ಯಾರ ಮಾತೂ ಕೇಳಾಕಿಲ್ಲ’ ಎನ್ನುತ್ತಾರೆ. ಪಳಗಿಸಲಾಗದ್ದು, ಮಣಿಸಲಾಗದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಮಾತದು. ವಜ್ರದಂಥ ಕಲ್ಲಿಗೂ ಅದೇ ಹೆಸರಿತ್ತು. ಇಂಗ್ಲಿಷ್ ಕಲಿಯುವವರು ಗಮನಿಸಬೇಕಾದ ವ್ಯತ್ಯಾಸ ಇಲ್ಲಿದೆ. ‘ಅಡಮಂಟ್‌ಲಿ’ ಹೆಚ್ಚಾಗಿ ಒಪ್ಪದಿರುವುದಕ್ಕೆ, ವಾದಿಸುವುದಕ್ಕೆ, ನಿರಾಕರಿಸುವುದಕ್ಕೆ ಜೊತೆಯಾಗುತ್ತದೆ. ‘ರೆಸಲ್ಯೂಟ್‌ಲಿ’ ನಿರಾಕರಣೆಯ ಜೊತೆಗೂ ನಿಲ್ಲುತ್ತದೆ, ನಡೆಯುವುದು, ದುಡಿಯುವುದು, ಎದುರಿಸುವುದು ಮೊದಲಾದ ಮುಂದೆ ಸಾಗುವ ಕ್ರಿಯೆಗಳ ಜೊತೆಗೂ ಹೋಗುತ್ತದೆ. ‘ಸ್ಟಬರ್ನ್‌ಲಿ’ ಎಂದರೆ ಸಾಮಾನ್ಯವಾಗಿ ಅದರಲ್ಲಿ ಹೇಳುವವರ ಬೇಸರವೂ ಸೇರಿರುತ್ತದೆ. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಒಮ್ಮೆ ರೇಡಿಯೋದಲ್ಲಿ ಇದನ್ನೇ ತಮಾಷೆ ಮಾಡಿದ್ದ. ಒಂದೇ ನಡತೆ ನನ್ನದಾದಾಗ ಒಂದು ಹೆಸರು, ನಿನ್ನದಾದಾಗ ಇನ್ನೊಂದು, ಎದುರಿಗಿಲ್ಲದವನದಾದಾಗ ಮತ್ತೊಂದು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ನನ್ನದು ಛಲ, ನಿನ್ನದು ಹಠ, ಅವನದು ಮೊಂಡಾಟ.

ಹಾಗಾದರೆ ದೃಢತೆಗೂ ಮೊಂಡುತನಕ್ಕೂ ಇರುವ ವ್ಯತ್ಯಾಸ ಬರೀ ಹೇಳುವವನ ಬಾಯಲ್ಲಿದೆಯೇ? ಗೆದ್ದರೆ ಛಲ, ಸೋತರೆ ಹಠ, ಅಷ್ಟೇಯೇ? ಇದು ಪದಕೋಶದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದು ಸಂಸಾರ, ಒಂದು ಊರು, ಒಂದು ರಾಜ್ಯ ಯಾವಾಗ ಪಟ್ಟು ಹಿಡಿಯಬೇಕು, ಯಾವಾಗ ಸಡಿಲಿಸಬೇಕು ಎಂಬುದು ಇದರ ಮೇಲೆ ನಿಂತಿದೆ.

ಛಲ ಎಂಬ ಮಾತಿನ ಪ್ರಯಾಣವೇ ಒಂದು ಸುಳಿವು ಕೊಡುತ್ತದೆ. ಸಂಸ್ಕೃತದಲ್ಲಿ ಛಲ ಎಂದರೆ ಮೋಸ, ನೆಪ. ನ್ಯಾಯಶಾಸ್ತ್ರದಲ್ಲಿ ಎದುರಾಳಿಯ ಮಾತನ್ನು ಬೇಕೆಂದೇ ತಿರುಚಿ ವಾದಿಸುವುದಕ್ಕೆ ಆ ಹೆಸರು. ಹಠ ಎಂದರೆ ಬಲಾತ್ಕಾರ. ಈ ಎರಡು ಮಾತುಗಳೂ ಕನ್ನಡಕ್ಕೆ ಬಂದು ಮನಸ್ಸಿನ ಗಟ್ಟಿತನವನ್ನು ಹೇಳತೊಡಗಿದವು. ಹಠಕ್ಕೆ ಸ್ವಲ್ಪ ಕಹಿ ಉಳಿಯಿತು, ಛಲಕ್ಕೆ ಮರ್ಯಾದೆ ಸಿಕ್ಕಿತು. ಹತ್ತನೆಯ ಶತಮಾನದ ಪಂಪ ತನ್ನ ಭಾರತದ ಕೊನೆಯಲ್ಲಿ ಒಬ್ಬೊಬ್ಬ ವೀರನಿಗೆ ಒಂದೊಂದು ಗುಣವನ್ನು ಹಂಚುವಾಗ ಛಲವನ್ನು ಕೊಟ್ಟದ್ದು ದುರ್ಯೋಧನನಿಗೆ. ಕಥೆಯ ಎದುರಾಳಿಗೆ ಅಂಥ ಗೌರವ ಕೊಡಬಲ್ಲ ಕವಿಯ ದೊಡ್ಡತನಕ್ಕೆ ತಲೆಬಾಗುತ್ತೇನೆ. ಆದರೆ ಅದೇ ದುರ್ಯೋಧನನನ್ನು ರನ್ನ ತನ್ನ ಗದಾಯುದ್ಧದಲ್ಲಿ ಕುರುಕ್ಷೇತ್ರದ ಹೆಣಗಳ ನಡುವೆ ನಡೆಸುತ್ತಾನೆ. ಜೊತೆಗೆ ಸಂಜಯನಿದ್ದಾನೆ. ದಾರಿಯಲ್ಲಿ ದ್ರೋಣ ಬಿದ್ದಿದ್ದಾನೆ, ಮಗ ಲಕ್ಷಣಕುಮಾರ ಬಿದ್ದಿದ್ದಾನೆ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಒಬ್ಬೊಬ್ಬರ ಮುಂದೆಯೂ ಅವನು ಅಳುತ್ತಾನೆ. ಶರಶಯ್ಯೆಯ ಭೀಷ್ಮ ಸಂಧಿಯ ಮಾತಾಡಿದರೆ ಒಪ್ಪುವುದಿಲ್ಲ.

ನನಗೆ ಈ ನಡಿಗೆ ಛಲವನ್ನು ಅಳೆಯುವ ಒಂದು ಕೋಲಿನಂತೆ ಕಾಣುತ್ತದೆ. ದುರ್ಯೋಧನನ ಗಟ್ಟಿತನದಲ್ಲಿ ಸುಳ್ಳಿಲ್ಲ. ತನ್ನ ಪ್ರಾಣವನ್ನೂ ಅವನು ಪಣಕ್ಕಿಟ್ಟಿದ್ದಾನೆ. ಆದರೆ ಆ ಗಟ್ಟಿತನದ ಬೆಲೆಯನ್ನು ಅವನಿಗಿಂತ ಮೊದಲು ತೆತ್ತವರು ಅವನ ಕಾಲಬಳಿ ಬಿದ್ದಿದ್ದಾರೆ, ಅವರ ಹೆಣಗಳೂ ಅವನಿಂದ ಏನನ್ನೂ ಬಿಡಿಸಲಾರವು. ಅವರ ಸಾವೇ ಮತ್ತಷ್ಟು ಬಿಗಿಯಾಗಿ ಹಿಡಿಯಲು ಕಾರಣವಾಗುತ್ತದೆ. ಹಿಡಿದದ್ದು ಏಕೆ ಎಂಬುದು ಮರೆತು, ಹಿಡಿದಿರುವುದೇ ಗುರಿಯಾಗುವ ಹೊತ್ತು ಅದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಕೈಯಲ್ಲಿ ಕೊನೆಗೆ ಮೊಲವೂ ಇರುವುದಿಲ್ಲ, ಕಾಲಿನ ಲೆಕ್ಕ ಮಾತ್ರ ಇರುತ್ತದೆ.

ಇನ್ನೊಂದು ಬಗೆಯ ಹಿಡಿತವನ್ನು ನೋಡಲು ಗೆಜ್ಜಲಗೆರೆಯಿಂದ ದೂರ ಹೋಗಬೇಕಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ತಿರುಗಿದರೆ ಮದ್ದೂರು, ಅಲ್ಲೇ ಶಿವಪುರ, ಅಲ್ಲೊಂದು ಸತ್ಯಾಗ್ರಹ ಸೌಧ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದದ್ದು ಇಲ್ಲಿ. ಕಾಂಗ್ರೆಸ್ ಧ್ವಜ ಹಾರಿಸಕೂಡದು ಎಂದು ಸಂಸ್ಥಾನದ ಸರ್ಕಾರ ನಿಷೇಧಿಸಿತ್ತು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಧ್ವಜಕ್ಕೆ ಮುಂದಾದರು, ಬಂಧನವಾಯಿತು. ಒಬ್ಬರ ಹಿಂದೆ ಇನ್ನೊಬ್ಬರು ಮುಂದೆ ಬಂದರು. ‘ಜಗ್ಗದೆ’ ಎಂಬ ಮಾತಿಗೆ ನಮ್ಮ ತಾಲ್ಲೂಕಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ಆ ದಿನ ಅವರು ಹಿಡಿದದ್ದರಷ್ಟೇ ಬಿಟ್ಟದ್ದೂ ಮುಖ್ಯ. ಕೈಯೆತ್ತುವ ಹಕ್ಕನ್ನು ಬಿಟ್ಟರು. ತಪ್ಪಿಸಿಕೊಳ್ಳುವ ದಾರಿಯನ್ನು ಬಿಟ್ಟರು. ಇಂಥವನೇ ಹಾರಿಸಬೇಕು ಎಂಬ ಹೆಸರಿನ ಆಸೆಯನ್ನೂ ಬಿಟ್ಟರು. ಒಬ್ಬನ ಕೈ ಕಟ್ಟಿದರೆ ಇನ್ನೊಬ್ಬನ ಕೈ ಇದೆ ಎಂದಾಗ ಯಾರ ಹೆಸರಿಗೂ ಅಲ್ಲಿ ಜಾಗವಿಲ್ಲ. ಇಷ್ಟನ್ನೆಲ್ಲ ಬಿಡಿಸಿಕೊಂಡ ಮೇಲೆ ಉಳಿದದ್ದು ಒಂದೇ: ಧ್ವಜ ಹಾರಬೇಕು. ಲ್ಯಾಟಿನ್ ಬೇರಿನ ಅರ್ಥದಲ್ಲಿ ಇದು ನಿಜವಾದ ‘ರೆಸಲ್ಯೂಟ್’.

ಬೆಲೆ ತೆರಬೇಕಾಗಿ ಬಂತು. ಎರಡು ವಾರ ಕಳೆದು ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತಾಡಿದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂಬ ಒಪ್ಪಂದವಾಯಿತು.

ಸತ್ತವರ ನೆನಪು ಹಸಿಯಾಗಿರುವಾಗಲೇ ಎರಡು ಧ್ವಜಗಳನ್ನು ಒಪ್ಪಿಕೊಂಡದ್ದನ್ನು ಸೋಲು ಎನ್ನಬೇಕೆ? ‘ನಮ್ಮದೊಂದೇ ಹಾರಬೇಕು’ ಎಂದು ಯಾರಾದರೂ ಹಠ ಹಿಡಿದಿದ್ದರೆ ಆ ಹಠಕ್ಕೂ ಕಾರಣಗಳು ಸಿಗುತ್ತಿದ್ದವು. ಆದರೆ ಶಿವಪುರದಲ್ಲಿ ನಿಂತವರು ಹಿಡಿದದ್ದು ಜನರಿಗೆ ತಮ್ಮ ಧ್ವಜ ಎತ್ತುವ ಹಕ್ಕಿದೆ ಎಂಬುದನ್ನು. ಪಕ್ಕದಲ್ಲಿ ಇನ್ನೊಂದು ಧ್ವಜ ಹಾರಿದರೆ ಆ ಹಕ್ಕಿಗೆ ಕುಂದಿಲ್ಲ. ಏನನ್ನು ಹಿಡಿದಿದ್ದೇವೆ ಎಂದು ಗೊತ್ತಿದ್ದವರಿಗೆ ಮಾತ್ರ ಯಾವುದನ್ನು ಬಿಡಬಹುದು ಎಂಬುದು ಗೊತ್ತಾಗುತ್ತದೆ. ‘ಪಟ್ಟು’ ಎಂಬುದು ಗರಡಿ ಮನೆಯ ಮಾತೂ ಹೌದು. ಕುಸ್ತಿ ಬಲ್ಲವನು ಗೆಲ್ಲುವ ತನಕ ಕುಸ್ತಿ ಬಿಡುವುದಿಲ್ಲ, ಆದರೆ ಪಟ್ಟನ್ನು ಎಷ್ಟು ಸಲ ಬದಲಿಸುತ್ತಾನೆ! ಒಂದೇ ಪಟ್ಟಿಗೆ ಅಂಟಿಕೊಂಡವನನ್ನು ಎದುರಾಳಿ ಆ ಪಟ್ಟಿನಿಂದಲೇ ಚಿತ್ ಮಾಡುತ್ತಾನೆ.

ಇಷ್ಟು ಹೇಳಿ ನೀರಿನ ಮಾತಿಗೆ ಬರದಿದ್ದರೆ ಅದು ಹೆದರಿದಂತೆ ಆದೀತು. ಗೆಜ್ಜಲಗೆರೆ ಎಂದರೆ ಹೊರಗಿನವರಿಗೆ ಈಗ ನೆನಪಾಗುವುದು ಹೆದ್ದಾರಿ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥವನ್ನು ಪ್ರಧಾನಿ ಉದ್ಘಾಟಿಸಿದ ಸಭೆ ನಡೆದದ್ದು ಇಲ್ಲಿ. ಅದಕ್ಕಿಂತ ಹಳೆಯ ನೆನಪಿದ್ದವರಿಗೆ ಇದೇ ರಸ್ತೆ ಬಂದ್ ಆಗುತ್ತಿದ್ದ ದಿನಗಳು ಗೊತ್ತು. ಎಂಬತ್ತರ ದಶಕದ ರೈತ ಚಳವಳಿಯ ದಿನಗಳಲ್ಲಿ ಗೋಲಿಬಾರಿಗೆ ರೈತರು ಬಲಿಯಾದ ಊರೂ ಹೌದು ಇದು. ಕಾವೇರಿಯ ಹೆಸರಿನಲ್ಲಿ ‘ಒಂದು ತೊಟ್ಟೂ ಬಿಡುವುದಿಲ್ಲ’ ಎಂಬ ಕೂಗು ಮಂಡ್ಯ ಜಿಲ್ಲೆಯಲ್ಲಿ ಎದ್ದಾಗಲೆಲ್ಲ ಅದನ್ನು ಬರೀ ರಾಜಕೀಯ ಎಂದು ತಳ್ಳಿಹಾಕಲು ನನಗೆ ಸಾಧ್ಯವಾಗುವುದಿಲ್ಲ. ಗದ್ದೆ ಬಾಯಿಬಿಟ್ಟಾಗ, ಕಬ್ಬಿನ ಗರಿ ಒಣಗಿ ಸುರುಳಿಯಾದಾಗ ಆ ಕೂಗು ಹೊಟ್ಟೆಯಿಂದ ಬರುತ್ತದೆ.

2016ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ತಮಿಳುನಾಡಿಗೆ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಮಂಡ್ಯ ಸ್ತಬ್ಧವಾಯಿತು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಸೆಪ್ಟೆಂಬರ್ 23ರಂದು ನಮ್ಮ ವಿಧಾನಮಂಡಲ ಕಾವೇರಿಯ ನೀರು ಕುಡಿಯುವುದಕ್ಕೆ ಮಾತ್ರ ಎಂದು ಒಮ್ಮತದ ನಿರ್ಣಯ ಮಾಡಿತು. ನಿರ್ಣಯಕ್ಕೆ ಇಂಗ್ಲಿಷಿನಲ್ಲಿ ಹೇಳುವುದು ‘ರೆಸಲ್ಯೂಷನ್’, ಅದೇ ಬೇರಿನ ಪದ. ಹತ್ತು ದಿನ ಕಳೆದು ಅಕ್ಟೋಬರ್ 3ರಂದು ಅದೇ ವಿಧಾನಮಂಡಲ ಇನ್ನೊಂದು ನಿರ್ಣಯ ಮಾಡಿ, ಜಲಾನಯನ ಪ್ರದೇಶದ ರೈತರ ಬೆಳೆಗೂ ನೀರು ಬಿಡಲು ದಾರಿ ತೆರೆಯಿತು. ಮೊದಲನೆಯದು ಬಿಗಿಯಿತು, ಎರಡನೆಯದು ಸಡಿಲಿಸಿತು. ಎರಡಕ್ಕೂ ಹೆಸರು ಒಂದೇ.

ಆಗ ಎಷ್ಟೋ ಜನ ಎರಡನೆಯದನ್ನು ಹೇಡಿತನ ಎಂದರು. ನಾನು ಹಾಗೆ ಹೇಳಲಾರೆ. ನೀರಿನ ವಿಷಯದಲ್ಲಿ ನಾವು ಹಿಡಿದಿರುವುದು ನಿಜಕ್ಕೂ ಏನು? ಒಣಗುತ್ತಿರುವ ಬೆಳೆ ಉಳಿಯಬೇಕು, ಮಳೆ ಕೈಕೊಟ್ಟ ವರ್ಷ ಕಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕು, ಕುಡಿಯುವ ನೀರಿಗೆ ಕುತ್ತು ಬರಬಾರದು. ಇದನ್ನು ಎಂದೂ ಬಿಡಬಾರದು. ‘ಒಂದು ತೊಟ್ಟೂ ಬಿಡುವುದಿಲ್ಲ’ ಎಂಬುದು ಒಂದು ಪಟ್ಟು ಮಾತ್ರ, ಕುಸ್ತಿಯೇ ಅಲ್ಲ. ತಂಜಾವೂರಿನ ಗದ್ದೆಯ ರೈತನೂ ಮೋಡ ನೋಡುತ್ತಾ ಅದೇ ಅನ್ನದ ಮಾತಾಡುತ್ತಿರುತ್ತಾನೆ. ಇದನ್ನು ನೇರವಾಗಿ ಕಂಡುಕೊಳ್ಳಲು ಎರಡೂ ರಾಜ್ಯಗಳ ರೈತರು ಸೇರಿ 2003ರಲ್ಲಿ ಕಾವೇರಿ ಕುಟುಂಬ ಎಂದು ಒಂದನ್ನು ಕಟ್ಟಿದರು, ಒಬ್ಬರ ಹೊಲಗದ್ದೆಗಳನ್ನು ಇನ್ನೊಬ್ಬರು ಹೋಗಿ ನೋಡಿದರು. ವ್ಯಾಜ್ಯ ಅದರಿಂದ ಮುಗಿಯಲಿಲ್ಲ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಬಿಡಬೇಕಾದ ನೀರನ್ನು 192 ಟಿಎಂಸಿಯಿಂದ 177.25 ಟಿಎಂಸಿಗೆ ಇಳಿಸಿತು. ಅದನ್ನು ತಂದುಕೊಟ್ಟದ್ದು ವರ್ಷಗಟ್ಟಲೆ ನಡೆದ ಲೆಕ್ಕ, ದಾಖಲೆ, ವಾದ. ಬಸ್ಸಿಗೆ ಬೆಂಕಿ ಇಟ್ಟ ಕೈಗಳಿಗೆ ಅದರಲ್ಲಿ ಪಾಲಿಲ್ಲ. ಬೆಂಕಿ ಒಂದು ದಿನದ ಹಠ. ಕಡತ ಬಿಡಿಸುತ್ತಾ ಕೂರುವುದು ವರ್ಷಗಳ ಛಲ.

ಇನ್ನೊಂದು ಮಾತು ಹೇಳಲೇಬೇಕು. ದೃಢತೆಯನ್ನು ನಾವೇ ತೋರುವುದಕ್ಕಿಂತ ಬೇರೆಯವರಿಗೆ ಉಪದೇಶ ಮಾಡುವುದೇ ಹೆಚ್ಚು. ‘ಎದೆ ಗಟ್ಟಿ ಮಾಡ್ಕೊ ಕಣಪ್ಪ’, ‘ಧೈರ್ಯ ತಂದ್ಕೊಳವ್ವ’. 2015ರಲ್ಲಿ ಕಬ್ಬಿನ ಬಾಕಿ, ಸಾಲ, ಬೆಲೆ ಕುಸಿತಗಳ ನಡುವೆ ಮಂಡ್ಯ ಜಿಲ್ಲೆಯಿಂದ ರೈತರ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಆಗ ವೇದಿಕೆಗಳಿಂದ ಕೇಳಿಬಂದ ಬುದ್ಧಿಮಾತು ರೈತರು ಮನೋಬಲ ಬೆಳೆಸಿಕೊಳ್ಳಬೇಕು ಎಂದು. ಕೊಡಬೇಕಾದ ಹಣವನ್ನು ಕೊಡದೆ ಮನೋಬಲ ಕೇಳುವುದು ಎಂಥ ನ್ಯಾಯ? ಬಾಕಿ ಚುಕ್ತಾ ಮಾಡಬೇಕಾದವರು ಕೈ ಸಡಿಲ ಬಿಟ್ಟಿದ್ದರೆ, ಸಾಲಗಾರನ ಎದೆ ಕಲ್ಲಾಗಬೇಕಿರಲಿಲ್ಲ. ಒಬ್ಬನ ಎದೆ ಅಷ್ಟು ಗಟ್ಟಿಯಾಗಲೇಬೇಕಾದ ಸ್ಥಿತಿ ಬಂದಿದ್ದರೆ, ಸುತ್ತಲಿನ ಎಷ್ಟು ಜನ ತಮ್ಮ ಕೆಲಸ ಬಿಟ್ಟು ಕೂತಿದ್ದಾರೆ ಎಂದು ಮೊದಲು ಕೇಳಬೇಕು. ಒಳಗೆ ಕುಸಿಯುತ್ತಿರುವವನ ಪಕ್ಕ ಕೂತು ಅವನ ಮಾತು ಕೇಳುವುದು ಗಟ್ಟಿಯಾಗು ಎನ್ನುವುದಕ್ಕಿಂತ ದೊಡ್ಡ ಕೆಲಸ. ಅಳುವುದಕ್ಕೂ, ಸಹಾಯ ಕೇಳುವುದಕ್ಕೂ ಛಲ ಬೇಕಾಗುತ್ತದೆ ಎಂದು ನಾವು ಗಂಡಸರಿಗೆ ಯಾರೂ ಕಲಿಸಿಲ್ಲ.

ಪದಗಳ ಬಗ್ಗೆ ಇಷ್ಟು ಯೋಚಿಸಿದ ಮೇಲೆ ನನಗೆ ತಿಳಿದ ಒಂದು ವಿಷಯವೆಂದರೆ, ಕ್ರಿಯಾವಿಶೇಷಣ ಎದ್ದು ಕಾಣುವ ಕಡೆ ಗುಣ ಅಷ್ಟಾಗಿ ಇರುವುದಿಲ್ಲ. ‘ದೃಢವಾಗಿ ಹೇಳಿದರು’, ‘ಸ್ಪಷ್ಟವಾಗಿ ಖಂಡಿಸಿದರು’, ‘ಕಡ್ಡಿ ತುಂಡು ಮಾಡಿದಂತೆ ನುಡಿದರು’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆ ಮಾತುಗಳಲ್ಲಿ ಎಷ್ಟು ನಾಳೆಗೆ ಉಳಿಯುತ್ತವೆ? ಅದೇ ಗೆಜ್ಜಲಗೆರೆಯಲ್ಲಿ ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇದೆ. ಅಲ್ಲಿಗೆ ಬರುವ ಹಾಲು ನೂರಾರು ಹಳ್ಳಿಗಳ ಸಂಘಗಳಿಂದ ಬರುತ್ತದೆ. ಬೆಳಕು ಹರಿಯುವ ಮುನ್ನ ಎದ್ದು, ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರೆದು, ಕ್ಯಾನು ಹಿಡಿದು ಸಂಘದ ಮುಂದೆ ಸಾಲು ನಿಲ್ಲುವ ಹೆಂಗಸರಿಂದ ಬರುತ್ತದೆ. ಸಂಜೆ ಮತ್ತೆ ಅದೇ ಕೆಲಸ. ಮಳೆಯಿರಲಿ, ಹಬ್ಬವಿರಲಿ, ಮನೆಯಲ್ಲಿ ಸಾವಾಗಿರಲಿ, ಹಸುವಿನ ಕೆಚ್ಚಲು ಕಾಯುವುದಿಲ್ಲ. ಹಾಲಿನ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದವರು, ಸ್ತ್ರೀಶಕ್ತಿ ಸಂಘದ ಕಂತು ತೀರಿಸಿದವರು, ಮಗಳನ್ನು ಡಿಗ್ರಿ ಓದಿಸಿದವರು ನಮ್ಮ ಬೀದಿಗಳಲ್ಲಿ ಎಷ್ಟು ಮಂದಿ! ಅವರ ವಿಷಯದಲ್ಲಿ ಯಾರೂ ‘ದೃಢವಾಗಿ’ ಎಂಬ ಪದ ಬಳಸುವುದಿಲ್ಲ. ‘ಡೇರಿಗೆ ಹಾಲು ಹಾಕ್ತಾರೆ’ ಎನ್ನುತ್ತೇವೆ, ಅಷ್ಟೇ. ಬರೀ ಕ್ರಿಯಾಪದ. ಅದಕ್ಕೆ ವಿಶೇಷಣದ ಊರುಗೋಲು ಬೇಕಾಗಿಲ್ಲ.

ಆ ಹೆಂಗಸರು ಬಿಟ್ಟದ್ದೇನು ಎಂದು ಲೆಕ್ಕ ಹಾಕಿದವರಿಲ್ಲ. ಬೆಳಗಿನ ನಿದ್ದೆ ಬಿಟ್ಟರು, ತವರಿಗೆ ಹೋಗಿ ನಾಲ್ಕು ದಿನ ಇರುವುದನ್ನು ಬಿಟ್ಟರು, ತಮ್ಮ ಸೊಂಟ ನೋವನ್ನು ಡಾಕ್ಟರಿಗೆ ತೋರಿಸುವುದನ್ನು ಬಿಟ್ಟರು. ಇದನ್ನು ಹೊಗಳಿ ಮುಗಿಸಿದರೆ ನಾನೂ ವೇದಿಕೆಯ ಮೇಲಿನವರ ಸಾಲಿಗೆ ಸೇರಿದಂತೆ. ಅವರ ಬಿಡದ ದುಡಿಮೆಯ ಹೊರೆಯಲ್ಲಿ ಒಂದು ಪಾಲನ್ನು ಮನೆಯ ಗಂಡಸರು ಹೊತ್ತಿದ್ದರೆ, ಬಿಡಲೇಬೇಕಾದ ಪಟ್ಟಿ ಅಷ್ಟು ಉದ್ದವಿರುತ್ತಿರಲಿಲ್ಲ.

ಇಂಗ್ಲಿಷ್ ಕಲಿಯುವ ಗೆಳೆಯರಿಗೆ, ಕನ್ನಡದಲ್ಲಿ ಬರೆಯುವ ಗೆಳೆಯರಿಗೆ ನನ್ನದೊಂದು ಸಣ್ಣ ಸಲಹೆ. ‘ದೃಢವಾಗಿ’ ಎಂದು ಬರೆಯುವ ಮುನ್ನ ಅದರ ಮುಂದಿನ ಕ್ರಿಯಾಪದವನ್ನು ನೋಡಿ. ದೃಢವಾಗಿ ಏನು ಮಾಡಿದರು? ಅದಕ್ಕಾಗಿ ಏನನ್ನು ಬಿಟ್ಟರು? ಬಿಟ್ಟದ್ದು ತಮ್ಮದನ್ನೋ, ಇನ್ನೊಬ್ಬರದನ್ನೋ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಆ ಪದವನ್ನು ಉಳಿಸಿಕೊಳ್ಳುವುದೋ ಹೊಡೆದುಹಾಕುವುದೋ ತಾನಾಗಿ ಗೊತ್ತಾಗುತ್ತದೆ. ಉಡ ಗೋಡೆಯನ್ನು ಹಿಡಿದರೆ ಬಿಡುವುದಿಲ್ಲ ಎನ್ನುತ್ತಾರೆ. ಆದರೆ ಯಾವ ಗೋಡೆ, ಯಾಕೆ ಎಂದು ಉಡ ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳುವ ಕಷ್ಟ ಮನುಷ್ಯನಿಗೆ ಮಾತ್ರ ಇದೆ.